ಮೆಗ್ಗರ್ ತಿರುಗಿಸುತ್ತಿದ್ದ ಕೈ

ಬೋರ್‌ವೆಲ್ ಮೋಟಾರು ಸುಟ್ಟಾಗ ವೈಂಡಿಂಗ್ ಅಂಗಡಿಯವರು ಹಿಡಿಕೆ ತಿರುಗಿಸಿ ನೋಡುವ ಮೆಗ್ಗರ್ ಡಬ್ಬಿ ನಿಮಗೆ ಗೊತ್ತೇ ಇರುತ್ತದೆ. ಅದರ ಮೂಲ ಇಂಗ್ಲೆಂಡಿನದು. ಸಿಡ್ನಿ ಎವರ್ಶೆಡ್ ಎಂಬಾತ 1889ರಲ್ಲಿ ಪೇಟೆಂಟ್ ಪಡೆದ.

1893ರಲ್ಲಿ ಷಿಕಾಗೋದ ವಿಶ್ವಮೇಳಕ್ಕೆ ಸಾವಿರಾರು ವಿದ್ಯುತ್ ದೀಪ ಹಾಕಿದರು. ಬೆಂಕಿ ಬಿದ್ದರೆ ಹಣ ಕಟ್ಟಬೇಕಾದವರು ವಿಮೆಯವರು. ಅವರ ಪರವಾಗಿ ವೈರಿಂಗ್ ನೋಡಲು ಬಂದ ವಿಲಿಯಂ ಮೆರಿಲ್, ಮರುವರ್ಷ ಅಲ್ಲೇ ಪರೀಕ್ಷಾಲಯ ತೆರೆದ. ಅದೇ ಇಂದಿನ ಯುಎಲ್. ಜನರ ಜೀವಕ್ಕಿಂತ ಮೊದಲು ವಿಮೆಯ ಲೆಕ್ಕ ಎಚ್ಚೆತ್ತಿತು ಅನ್ನಿ!

ನಮ್ಮಲ್ಲಿ ಐಎಸ್ಐ ಸಂಸ್ಥೆ ಶುರುವಾದದ್ದು 1947ರಲ್ಲಿ. ವಿದ್ಯುತ್ ಸಾಮಗ್ರಿ ಪರೀಕ್ಷಿಸುವ ಸಿಪಿಆರ್‌ಐ 1960ರಲ್ಲಿ ಬೆಂಗಳೂರಿಗೆ ಬಂತು.

ಆದರೆ ಲ್ಯಾಬಿಗೆ ಹೋಗುವುದು ಮಾದರಿಗಷ್ಟೇ ಕೆಲವು ಪೀಸು. ಕಾರ್ಖಾನೆಯಿಂದ ಹೊರಡುವ ಪ್ರತಿ ಇಸ್ತ್ರಿಪೆಟ್ಟಿಗೆಯನ್ನೂ ಮೊದಲು ಕೈಯಿಂದಲೇ ನೋಡಬೇಕಿತ್ತು. ಸಂಜೆಯ ಹೊತ್ತಿಗೆ ಕಣ್ಣು ಸೋಲುತ್ತದೆ, ಮುಳ್ಳು ತಪ್ಪಾಗಿ ಕಾಣುತ್ತದೆ. ಪರೀಕ್ಷೆ ಮಾಡದೆಯೇ ರಿಜಿಸ್ಟರಿನಲ್ಲಿ ಅಂಕಿ ಬರೆಯುವುದೂ ಸುಲಭ. ಈಗ ಒಂದೇ ಯಂತ್ರ ಅರ್ಥಿಂಗ್ ನೋಡಿ, ಸಾವಿರ ವೋಲ್ಟಿನಷ್ಟು ಹಾಯಿಸಿ, ಮೈಗೆ ಸೋರುವ ಕರೆಂಟ್ ಅಳೆಯುತ್ತದೆ. ಎಲ್ಲಾ ಕೆಲವೇ ಸೆಕೆಂಡುಗಳಲ್ಲಿ. ಫೇಲಾದರೆ ಕೆಂಪು ದೀಪ. ಸೀರಿಯಲ್ ನಂಬರಿನ ಜೊತೆ ಫಲಿತಾಂಶವೂ ಕಂಪ್ಯೂಟರಿಗೆ ಸೇರುತ್ತದೆ.

ಯಂತ್ರ ನೋಡುವುದು ಪೆಟ್ಟಿಗೆಯನ್ನು ಮಾತ್ರ. ಅರ್ಥ್ ತಂತಿಯೇ ಇಲ್ಲದ ನಮ್ಮ ಹಳೇ ಸಾಕೆಟ್ಟುಗಳನ್ನು ಇವತ್ತಿಗೂ ಯಾರಾದರೂ ಸ್ಕ್ರೂ ಬಿಚ್ಚಿಯೇ ನೋಡಬೇಕು, ಮೇನ್ ಸ್ವಿಚ್ ಆಫ್ ಮಾಡಿ.