ಟೇಪಿಲ್ಲದ ಕ್ಯಾಸೆಟ್

ಕಾರಿನಲ್ಲಿ ಏನು ಕೇಳಬೇಕೆಂಬುದನ್ನು ಬಹುಕಾಲ ರೇಡಿಯೊ ಕೇಂದ್ರಗಳೇ ನಿರ್ಧರಿಸುತ್ತಿದ್ದವು. ಫಿಲಿಪ್ಸ್ 1963ರಲ್ಲಿ ಹೊರತಂದ ಕಾಂಪ್ಯಾಕ್ಟ್ ಕ್ಯಾಸೆಟ್ ಕ್ರಮೇಣ ಆ ಆಯ್ಕೆಯನ್ನು ಕೇಳುಗರ ಕೈಗಿತ್ತಿತು. ಹೊರನಾಡಿನಲ್ಲಿ ನೆಲೆಸಿದ ನಮಗೆ ಅದರ ಬೆಲೆ ಇನ್ನೂ ಹೆಚ್ಚು. ಮುಂಬಯಿ, ದೆಹಲಿಗಳ ಎಫ್‌ಎಂನಲ್ಲಿ ಕನ್ನಡ ಕೇಳಸಿಗುವುದು ಅಪರೂಪ. ಊರಿನಿಂದ ತಂದ ಭಾವಗೀತೆಯ ಕ್ಯಾಸೆಟ್ಟೇ ನಮ್ಮ ದಾರಿಯ ಕನ್ನಡವಾಗಿತ್ತು.

1979ರಲ್ಲಿ ಸೋನಿಯ ವಾಕ್‌ಮನ್, 1984ರಲ್ಲಿ ಅದೇ ಸಂಸ್ಥೆಯ ಪುಟ್ಟ ಸಿಡಿ ಪ್ಲೇಯರ್, 2001ರಲ್ಲಿ ಆಪಲ್‌ನ ಐಪಾಡ್ ಬಂದವು. ಸಂಗೀತ ಜೇಬಿಗಿಳಿಯಿತು, ಎಷ್ಟೋ ಕಾರುಗಳಲ್ಲಿ ಮಾತ್ರ ಕ್ಯಾಸೆಟ್ ಪ್ಲೇಯರೇ ಉಳಿದಿತ್ತು. ಇವೆರಡನ್ನೂ ಬೆಸೆದದ್ದು ಕ್ಯಾಸೆಟ್ ಅಡಾಪ್ಟರ್. ಹೊರಗೆ ಕ್ಯಾಸೆಟ್ಟಿನದೇ ಆಕಾರ; ಒಳಗೆ ಟೇಪಿನ ಬದಲು ಪುಟ್ಟ ಕಾಂತೀಯ ಹೆಡ್. ಪ್ಲೇಯರಿನಿಂದ ತಂತಿಯಲ್ಲಿ ಬಂದ ಸಂಕೇತವನ್ನು ಅದು ಕಾಂತಕ್ಷೇತ್ರದ ಏರಿಳಿತವಾಗಿಸುತ್ತಿತ್ತು. ಕಾರಿನ ಹೆಡ್ ಅದನ್ನು ಟೇಪೆಂದೇ ಓದುತ್ತಿತ್ತು. ಕಾರಿನ ಒಂದು ತಿರುಪನ್ನೂ ಬಿಚ್ಚಬೇಕಿರಲಿಲ್ಲ.

ಮುಂದೆ ಆಕ್ಸ್, ಯುಎಸ್‌ಬಿ, ಬ್ಲೂಟೂತ್‌ಗಳು ಬಂದು ಅಡಾಪ್ಟರ್ ಮರೆಯಾಯಿತು. ಅದರೊಂದಿಗೆ ಕಾರಿನ ಕ್ಯಾಸೆಟ್ ಪ್ಲೇಯರೂ ಹೋಯಿತು. ಹೊಸ ದನಿಯನ್ನು ಹಳೆಯ ಯಂತ್ರಕ್ಕೆ ಮುಟ್ಟಿಸುವ ಸಾಧನವೇನೋ ಅಂಗಡಿಯಲ್ಲಿ ಸಿಕ್ಕಿತು. ಹಳೆಯ ದನಿಯನ್ನು ಹೊಸ ಯಂತ್ರಕ್ಕೆ ಮುಟ್ಟಿಸುವ ಕೆಲಸ ನಮ್ಮ ಪಾಲಿನದು. ಮಾರುಕಟ್ಟೆಗೆ ಬಂದ ಹಾಡುಗಳು ಬೇರೆ ರೂಪದಲ್ಲಿ ಉಳಿದಾವು. ಮನೆಯ ಹಿರಿಯರ ಸೋಬಾನೆ ಪದ, ಕನ್ನಡ ಸಂಘದ ವೇದಿಕೆಯ ಭಾಷಣ, ನಾಟಕಗಳನ್ನು ನಾವೇ ಧ್ವನಿಮುದ್ರಿಸಿಕೊಂಡ ಟೇಪುಗಳಿಗೆ ಬೇರೆ ಪ್ರತಿಯಿಲ್ಲ. ಅಟ್ಟದ ಮೇಲಿನ ಆ ಪೆಟ್ಟಿಗೆಗಳನ್ನು, ಟೇಪು ಕೆಡುವ ಮೊದಲೇ, ನಾವು ಇಳಿಸಬೇಕಾಗಿದೆ.