ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಸಹಕಾರ ಶಿಕ್ಷಣ ಮತ್ತು ಸಂಶೋಧನೆ

ಸಹಕಾರ ಸಂಘದ ಸದಸ್ಯರಿಗೆ, ಆಡಳಿತ ಮಂಡಳಿಗೆ, ನೌಕರರಿಗೆ ಸಂಘ ನಡೆಸುವ ತಿಳಿವಳಿಕೆ ಕೊಡುವ ಕೆಲಸಕ್ಕೆ ಸಹಕಾರ ಶಿಕ್ಷಣ ಎನ್ನುತ್ತಾರೆ. ಬೆಳಗಾವಿ ನಗರ ಮತ್ತು ಖಾನಾಪುರದ ಸುತ್ತ ಇದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಅದರ ಹೆಚ್ಚಿನ ಪಾಠ ನಡೆದದ್ದು ಸಂಘದ ಕಿರ್ದಿ-ಖತಾವಣಿಯ ಮುಂದೆ, ಚರಕದ ಬಳಿ, ಕುಂಬಾರನ ತಿಗರಿಯ ಪಕ್ಕದಲ್ಲಿ. ತರಗತಿ, ಪಠ್ಯ, ಡಿಪ್ಲೊಮಾ ಎಲ್ಲ ಆಮೇಲೆ ಬಂದವು.

ಸಾಹುಕಾರನ ಸಾಲದಲ್ಲಿ ಮುಳುಗಿದ್ದ ರೈತರಿಗೆ ದಾರಿ ಹುಡುಕಲು ಮದ್ರಾಸ್ ಸರ್ಕಾರ ನೇಮಿಸಿದ್ದ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಜರ್ಮನಿಯ ರೈಫೈಸನ್ ಮಾದರಿಯ ಪತ್ತಿನ ಸಂಘಗಳ ಬಗ್ಗೆ ವರದಿ ಬರೆದ. ಭಾರತದಲ್ಲಿ ಸಹಕಾರದ ಕುರಿತ ಮೊದಲ ದೊಡ್ಡ ಅಧ್ಯಯನ ಇದೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಆಗಿನ ಧಾರವಾಡ ಜಿಲ್ಲೆಯ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವನ್ನು ಆ ಕಾಯ್ದೆಯಡಿ ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಂಘವೆಂದು ಗುರುತಿಸುತ್ತಾರೆ. ಅದರ ಬೆನ್ನಿಗೇ ಬೆಳಗಾವಿಯಲ್ಲಿ ಪಾಯೋನಿಯರ್ ಅರ್ಬನ್ ಬ್ಯಾಂಕು ಹುಟ್ಟಿತು.

ಮುಂಬಯಿ ಪ್ರಾಂತದಲ್ಲಿ ಆಗ ಸಹಕಾರದ ಮೇಷ್ಟ್ರುಗಳೆಂದರೆ ಗೌರವ ಸಂಘಟಕರು. ಸಂಬಳವಿಲ್ಲದೆ ಹಳ್ಳಿ ಸುತ್ತಿ, ಚಾವಡಿಯಲ್ಲಿ ಕೂತು, ಜನಕ್ಕೆ ಸಂಘದ ಮರ್ಮ ಬಿಡಿಸಿ ಹೇಳುವುದು ಅವರ ಕೆಲಸ. ಎಲ್ಲಕ್ಕಿಂತ ಕಷ್ಟದ ಪಾಠ ಅಪರಿಮಿತ ಹೊಣೆಯದು. ಗ್ರಾಮೀಣ ಸಂಘದಲ್ಲಿ ಒಬ್ಬ ಸಾಲ ಮುಳುಗಿಸಿದರೆ ಅದಕ್ಕೆ ಉಳಿದವರೆಲ್ಲರ ಹೊಲ-ಮನೆ ಬಾಧ್ಯ. ಓದು ಬಾರದವನಿಗೆ ಇದನ್ನು ಮೊದಲು ಬಾಯಲ್ಲಿ ತಿಳಿಸಿ, ನೆರೆಯವನ ನಡತೆ ತೂಗಿ ನೋಡಲು ಬಿಟ್ಟು, ಆಮೇಲೆ ಹೆಬ್ಬೆಟ್ಟು ಒತ್ತಿಸಬೇಕು. ಒತ್ತಿಸುವ ಅವಸರದಲ್ಲಿ ತಿಳಿಸುವುದು ಹಿಂದೆ ಬಿದ್ದ ಊರುಗಳಲ್ಲಿ ಸಂಘಗಳು ಕೆಲವೇ ವರ್ಷಗಳಲ್ಲಿ ಸುಸ್ತಿ ಸಾಲದಲ್ಲಿ ಮುಳುಗಿದವು. ಸದಸ್ಯರಿಗೆ ಸಹಕಾರದ ತತ್ವ ತಿಳಿಯದಿರುವುದೇ ಮೂಲ ದೋಷವೆಂದು ದೇಶದ ಸಹಕಾರ ಸಂಘಗಳನ್ನು ಪರಿಶೀಲಿಸಿದ 1915ರ ಮೆಕ್ಲಾಗನ್ ಸಮಿತಿಯೂ ಹೇಳಿತು.

ಮುಂಬಯಿಯಲ್ಲಿ 1918ರಲ್ಲಿ ಕೇಂದ್ರ ಸಹಕಾರ ಸಂಸ್ಥೆ ಸ್ಥಾಪನೆಯಾಗಿ ಪ್ರಚಾರ, ಪತ್ರಿಕೆ, ತರಬೇತಿಗಳನ್ನು ಒಂದೆಡೆ ತಂದಿತು. ಪುಣೆಯಲ್ಲಿ ಬೆಳೆದ ಸಹಕಾರ ಕಾಲೇಜು 1967ರಲ್ಲಿ ವೈಕುಂಠ ಮೆಹ್ತಾ ರಾಷ್ಟ್ರೀಯ ಸಂಸ್ಥೆಯ ರೂಪ ಪಡೆಯಿತು. ಈ ವೈಕುಂಠಲಾಲ್ ಮೆಹ್ತಾ ಅವರನ್ನು ನಮ್ಮ ಸೀಮೆಯವರು ನೆನೆಯಲು ಇನ್ನೊಂದು ಕಾರಣವೂ ಇದೆ. ಮುಂಬಯಿಯ ಸಹಕಾರಿ ಬ್ಯಾಂಕನ್ನು ದಶಕಗಟ್ಟಲೆ ನಡೆಸಿದ ಅವರೇ ಮುಂದೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮೊದಲ ಅಧ್ಯಕ್ಷರಾದರು. ಖಾನಾಪುರದ ಕುಂಬಾರಿಕೆ ಸಂಸ್ಥೆ ಅದೇ ಆಯೋಗದ್ದು.

ಅದಕ್ಕೂ ಮೊದಲು ಹುದಲಿಯ ಮಾತು ಬರಬೇಕು. ಬೆಳಗಾವಿ ತಾಲೂಕಿನ ಈ ಊರು ಗಂಗಾಧರರಾವ್ ದೇಶಪಾಂಡೆಯವರದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನವನ್ನು ಸಜ್ಜುಗೊಳಿಸಿದ ಅವರು ಹುದಲಿಯಲ್ಲಿ ಖಾದಿ ಕೆಲಸವನ್ನು ನೆಲೆ ನಿಲ್ಲಿಸಿದರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಇಲ್ಲೇ ಕೂಡಿತು, ಗಾಂಧೀಜಿಯೂ ಬಂದು ಉಳಿದರು. ನೂಲುವವರನ್ನು, ನೇಯುವವರನ್ನು ಸದಸ್ಯರನ್ನಾಗಿ ಮಾಡಿಕೊಂಡ ಖಾದಿ ಗ್ರಾಮೋದ್ಯೋಗ ಉತ್ಪಾದಕ ಸಹಕಾರಿ ಸಂಘ ಸ್ವಾತಂತ್ರ್ಯಾನಂತರ ಅದೇ ನೆಲದಲ್ಲಿ ಬೆಳೆಯಿತು. ಈಗ ಸಾಮಾಜಿಕ ಅರ್ಥವ್ಯವಸ್ಥೆ ಎಂದು ಓದಿಸುವುದನ್ನು ಹುದಲಿಯವರು ಆ ಹೆಸರಿಲ್ಲದೆಯೇ ಮಾಡಿ ತೋರಿಸಿದ್ದರು.

ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಇಲ್ಲಿನ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಗೆ ಹೊರ ರಾಜ್ಯಗಳಿಂದಲೂ ಕುಂಬಾರರು ಕಲಿಯಲು ಬಂದಿದ್ದಾರೆ. ಕಲಿಕೆ ಶುರುವಾಗುವುದು ಮಣ್ಣಿನಿಂದ. ನೆನೆಹಾಕಿ, ಸೋಸಿ, ಕಲ್ಲು-ಬೇರು ತೆಗೆದು, ಮತ್ತೆ ಮತ್ತೆ ನಾದಬೇಕು. ಒಳಗಿನ ಗಾಳಿಗುಳ್ಳೆಯಲ್ಲಿ ತೇವ ಉಳಿದರೆ ಬೆಂಕಿಯಲ್ಲಿ ಮಡಕೆ ಸಿಡಿಯಬಹುದು, ಸಿಡಿದದ್ದು ಪಕ್ಕದ ಮಡಕೆಯನ್ನೂ ಒಡೆಯಬಹುದು. ಒಂದು ಮನೆಯ ಸರಕಿನಿಂದ ದೊಡ್ಡ ಭಟ್ಟಿ ತುಂಬುವುದಿಲ್ಲ, ಅರೆ ತುಂಬಿದ ಭಟ್ಟಿಗೂ ಸೌದೆ ಅಷ್ಟೇ ಬೇಕು. ಹೀಗಾಗಿ ನಾಲ್ಕಾರು ಮನೆಯವರು ಕೂಡಿ ಸುಡಬೇಕು, ಕೂಡಿ ಸುಟ್ಟ ಮೇಲೆ ಒಡೆದದ್ದರ ನಷ್ಟವನ್ನು ಲೆಕ್ಕ ಇಟ್ಟು ಹಂಚಿಕೊಳ್ಳಬೇಕು. ಸಹಕಾರದ ತತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪಠ್ಯ ಸಿಗುವುದು ಕಷ್ಟ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಚಂದಗಡ ತಾಲೂಕು ಮಾತ್ರ ಆಚೆ ಉಳಿಯಿತು. ಅಲ್ಲಿಯತನಕ ಮುಂಬಯಿ, ಪುಣೆಗಳ ಕಡೆ ಮುಖ ಮಾಡಿದ್ದ ಸಂಘಗಳು ಬೆಂಗಳೂರಿನತ್ತ ತಿರುಗಬೇಕಾಯಿತು. 1925ರ ಮುಂಬಯಿ ಕಾಯ್ದೆಯ ಜಾಗದಲ್ಲಿ 1959ರ ರಾಜ್ಯ ಸಹಕಾರ ಸಂಘಗಳ ಕಾಯ್ದೆ 1960ರ ಜೂನ್‌ನಿಂದ ಜಾರಿಗೆ ಬಂತು. ತರಬೇತಿಯ ಹೊಣೆ ರಾಜ್ಯ ಸಹಕಾರ ಮಹಾಮಂಡಳದ್ದಾಯಿತು. ಗಡಿ ಬದಲಾದರೂ ಮಾತು ಬದಲಾಗಲಿಲ್ಲ. ಖಾನಾಪುರದ ಬಹಳಷ್ಟು ಹಳ್ಳಿಗಳ ಮನೆಮಾತು ಮರಾಠಿ, ಇಲಾಖೆಯ ಸುತ್ತೋಲೆ ಕನ್ನಡದ್ದು. ಆದರೆ ಸೊಸಾಯಿಟಿಯ ಕನ್ನಡ ಮೊದಲಿನಿಂದಲೂ ಎರಡೂ ಮನೆಯದು: ಠರಾವು, ಖತಾವಣಿ, ಪೋಟನಿಯಮ (ಉಪವಿಧಿ), ಅಡಾವೆ ಪತ್ರಿಕೆ (ಆಸ್ತಿ-ಹೊಣೆಗಳ ಪಟ್ಟಿ). ಇವನ್ನು ಬಿಡಿಸಿ ಹೇಳಲು ಎರಡೂ ಭಾಷೆ ಬಲ್ಲ ಕಾರ್ಯದರ್ಶಿಯೇ ಸಾಕು. ಅವನಷ್ಟು ಉಪಯೋಗಕ್ಕೆ ಬರುವ ಶಿಕ್ಷಕ ಈ ಗಡಿನಾಡಿನಲ್ಲಿ ಬೇರೊಬ್ಬನಿಲ್ಲ.

ಸಂಶೋಧನೆ ಬಹುಮಟ್ಟಿಗೆ ಸಾಲದ ಸುತ್ತಲೇ ತಿರುಗಿದೆ. ರಿಸರ್ವ್ ಬ್ಯಾಂಕು 1951–52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ, ಸಹಕಾರ ಸೋತಿದೆ, ಆದರೂ ಅದು ಗೆಲ್ಲಲೇಬೇಕು ಎಂಬ ನಿಲುವಿಗೆ ಬಂತು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ, ವಾಣಿಜ್ಯ ಮತ್ತು ಅರ್ಥಶಾಸ್ತ್ರ ಓದಿದವರಿಗೆ ಜಿಲ್ಲೆಯ ಪಟ್ಟಣ ಬ್ಯಾಂಕು, ಕೃಷಿ ಪತ್ತಿನ ಸಂಘ, ಸಕ್ಕರೆ ಕಾರ್ಖಾನೆಗಳು ಕೈಗೆಟುಕುವ ವಿಷಯಗಳಾದವು. ಠೇವಣಿ, ವಸೂಲಿ, ಲಾಭದ ಕೋಷ್ಟಕಗಳಿಗೆ ಆ ಅಧ್ಯಯನಗಳಲ್ಲಿ ಕೊರತೆಯಿಲ್ಲ. ಸದಸ್ಯನಿಗೆ ಸಂಘ ತನ್ನದೆನಿಸಿದೆಯೇ ಎಂಬ ಪ್ರಶ್ನೆಗೆ ಸಿಗುವ ಪುಟಗಳು ಕಡಿಮೆ.

ಹೊರಗಿನವರ ಕಣ್ಣನ್ನೂ ಸೆಳೆದದ್ದು ಜಿಲ್ಲೆಯ ಉತ್ತರದ ಹುಕ್ಕೇರಿ. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಅನುಭವ ಪಡೆದು ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ಜಾಗಗಳಲ್ಲಿ ಅದೂ ಒಂದು. 1969ರಲ್ಲಿ ನೋಂದಣಿಯಾದ ಅಲ್ಲಿನ ಸಂಘ ಈಗಲೂ ತಾಲೂಕಿನ ಮನೆ, ಪಂಪ್‌ಸೆಟ್ಟುಗಳಿಗೆ ಕರೆಂಟು ಕೊಡುತ್ತಿದೆ.

ಇನ್ನು ಶಿಕ್ಷಣಕ್ಕೆ ಬೇಕಾದ ಹಣದ ಮಾತು. ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರು 1844ರಲ್ಲಿ ಸಹಕಾರಿ ಅಂಗಡಿ ತೆರೆದ ಕೆಲವೇ ವರ್ಷಗಳಲ್ಲಿ ಲಾಭದ ಶೇಕಡ 2.5ರಷ್ಟನ್ನು ಓದಿಗೆ ಮೀಸಲಿಟ್ಟರು. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ. ನಮ್ಮಲ್ಲೂ ಲಾಭದ ಪಾಲು ಸಹಕಾರ ಶಿಕ್ಷಣ ನಿಧಿಗೆ ಹೋಗುತ್ತದೆ. ಆ ಹಣದ ತರಬೇತಿ ನೌಕರನಿಗೆ, ನಿರ್ದೇಶಕನಿಗೆ ಸಿಕ್ಕಷ್ಟು ಸಾಮಾನ್ಯ ಸದಸ್ಯನಿಗೆ ಸಿಕ್ಕಿಲ್ಲ, ಹೆಣ್ಣುಮಕ್ಕಳಿಗಂತೂ ಇನ್ನೂ ಕಡಿಮೆ.

ಆ ಕೊರತೆಯನ್ನು ಒಂದಿಷ್ಟು ತುಂಬಿದ್ದು ಸ್ವಸಹಾಯ ಗುಂಪುಗಳು. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು, 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಜಾಗೃತಿ ಮಹಿಳಾ ಒಕ್ಕೂಟ ಕೂಲಿ ಹೆಣ್ಣುಮಕ್ಕಳನ್ನು ಸಂಘಟಿಸಿ ಉದ್ಯೋಗ ಖಾತ್ರಿಯ ಹಕ್ಕನ್ನು ಕೇಳಿ ಪಡೆಯಲು ಕಲಿಸಿತು. ಕೆಲಸಕ್ಕೆ ಅರ್ಜಿ ಕೊಡು, ಕೊಟ್ಟದ್ದಕ್ಕೆ ರಸೀದಿ ಇಸಿದುಕೋ, ದಿನದ ಹಾಜರಿ ನೋಡಿಕೋ, ಪಾಸ್‌ಬುಕ್ಕಿನಲ್ಲಿ ಬಿದ್ದ ಕೂಲಿಯನ್ನು ಅದಕ್ಕೆ ತಾಳೆ ಹಾಕು: ಪಾಠ ಇಷ್ಟೇ.