ಕೇಳುವ ಹಕ್ಕು: ನೆತ್ತರುಗೊಡಗೆಯಿಂದ ಬಜ್ಪೆಯವರೆಗೆ



ಹಬ್ಬದಂತಿರುವ ಈ ಸಮ್ಮೇಳನದಲ್ಲಿ ಸಾವಿನ ಮಾತು ತೆಗೆಯುವುದು ಸರಿಯೇ ಎಂದು ನಾನೂ ಯೋಚಿಸಿದೆ. ಆದರೆ ಕರಾವಳಿಯವರು ಇಷ್ಟೊಂದು ಮಂದಿ ಕೂತಿರುವ ಸಭೆಯಲ್ಲಿ 2010ರ ಮೇ 22ನ್ನು ಬದಿಗಿಟ್ಟು ಚರಿತ್ರೆ ಹೇಳುವುದು ನನಗೆ ಕಷ್ಟ. ಅಂದು ಬೆಳಗ್ಗೆ ಆರರ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಹೋದರು, 8 ಮಂದಿ ಉಳಿದರು. ಮಂಗಳೂರಿನ ಕೂಳೂರು ಬಳಿ ಅವರ ನೆನಪಿನ ಉದ್ಯಾನವಿದೆ.

ಅಂದಿನ ದುಃಖದ ಬಗ್ಗೆ ಬಹಳ ಮಂದಿ ಬರೆದಿದ್ದಾರೆ. ಆ ದುಃಖ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಏನಾಯಿತು ಎಂಬುದರ ಬಗ್ಗೆ ಬರೆದವರು ಕಡಿಮೆ. ಅದಕ್ಕೊಂದು ಕಾರಣವಿದೆ. ಸಾವಿನ ಮನೆಯಲ್ಲಿ ಹಣದ ಮಾತಾಡಲು ನಮ್ಮವರಿಗೆ ನಾಚಿಕೆ. ‘ಹೋದ ಜೀವಕ್ಕೆ ಬೆಲೆ ಕಟ್ಟುತ್ತಾರಾ?’ ಎಂದು ನೆಂಟರು ಕೇಳುತ್ತಾರೆ, ಹೆಂಡತಿ ಸುಮ್ಮನಾಗುತ್ತಾಳೆ. ಯಾರದೋ ತಪ್ಪಿನಿಂದ ಒಬ್ಬ ಸತ್ತರೆ ಅವನ ಮನೆಯವರು ಪರಿಹಾರ ಕೇಳಬಹುದು ಎಂಬ ಹಕ್ಕು ಎಲ್ಲಿಂದ ಬಂತು ಎಂದು ತಿಳಿದರೆ ಆ ನಾಚಿಕೆ ಸ್ವಲ್ಪ ಕರಗಬಹುದು. ಅದಕ್ಕಾಗಿ ಇವತ್ತಿನ ಈ ಮಾತು.

ಮೊದಲು ನಮ್ಮ ಊರಿನ ಕಲ್ಲುಗಳನ್ನೇ ನೋಡೋಣ. ಕರ್ನಾಟಕದಲ್ಲಿ ವೀರಗಲ್ಲು ಇಲ್ಲದ ಸೀಮೆ ಅಪರೂಪ. ತುರು ಮರಳಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದು ಸತ್ತವನು, ಒಡೆಯನಿಗಾಗಿ ಪ್ರಾಣ ಕೊಟ್ಟವನು, ಎಲ್ಲರಿಗೂ ಕಲ್ಲು ನಿಂತಿವೆ. ಕೆಲವು ಶಾಸನಗಳಲ್ಲಿ ಇನ್ನೊಂದು ಸಂಗತಿಯೂ ಬರುತ್ತದೆ. ಸತ್ತ ವೀರನ ಮನೆಯವರಿಗೆ ಭೂಮಿ ಬಿಟ್ಟ ವಿಷಯ ಅದು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು, ಅಂದರೆ ಚೆಲ್ಲಿದ ರಕ್ತಕ್ಕೆ ಕೊಟ್ಟ ಕೊಡುಗೆ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಬೇಗೂರಿನ ಪ್ರಸಿದ್ಧ ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರ ಯುದ್ಧದಲ್ಲಿ ಮಡಿದ ಮೇಲೆ ಗಂಗರ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದು ಹೇಳುತ್ತದೆ.

ಇದರಲ್ಲಿ ಎರಡು ಮಾತಿವೆ. ಒಬ್ಬನ ಸಾವು ಅವನ ಹಿಂದೆ ಉಳಿದವರ ಬಾಳಿಗೆ ಬಿದ್ದ ಪೆಟ್ಟು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಇದು ಮೊದಲನೆಯದು. ಎರಡನೆಯದು, ಅದು ಒಡೆಯನ ಮೆಚ್ಚುಗೆ. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವಂತಿಲ್ಲ. ವೀರನಲ್ಲದವನಿಗೆ, ಇನ್ನೊಬ್ಬನ ಅಜಾಗ್ರತೆಯಿಂದ ಸತ್ತ ಕೂಲಿಯವನಿಗೆ, ಕಲ್ಲೂ ಇಲ್ಲ, ಗದ್ದೆಯೂ ಇಲ್ಲ. ಇಂದಿಗೂ ದುರಂತವಾದ ಸಂಜೆ ಮಂತ್ರಿಗಳು ‘ಮೃತರ ಕುಟುಂಬಕ್ಕೆ ಪರಿಹಾರ’ ಘೋಷಿಸುತ್ತಾರಲ್ಲ, ಅದು ನೆತ್ತರುಗೊಡಗೆಯ ವಂಶದ್ದೇ. ಒಳ್ಳೆಯದೇ, ಆದರೆ ಹಕ್ಕಲ್ಲ.

ಹಕ್ಕಿನ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ, ಅದೂ ಒಂದು ಸೋಲಿನಿಂದ. ಬೇಕರ್ ಎಂಬ ಮದ್ಯದಂಗಡಿಯವನೂ ಅವನ ಹೆಂಡತಿಯೂ ಬಾಡಿಗೆ ಸಾರೋಟಿನ ಮೇಲೆ ಕೂತು ಹೋಗುತ್ತಿದ್ದಾಗ ಅದು ಮಗುಚಿತು. ಹೆಂಡತಿ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿ ನರಳಿ ತೀರಿಕೊಂಡಳು. ವ್ಯಾಪಾರದಲ್ಲಿ ಕೈಜೋಡಿಸುತ್ತಿದ್ದವಳು ಅವಳು. ಗಂಡ ದಾವೆ ಹೂಡಿದ. 1808ರಲ್ಲಿ ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೋ ಜ್ಯೂರಿಗೆ ಕೊಟ್ಟ ಸೂಚನೆ ಹೀಗಿತ್ತು: ಸಿವಿಲ್ ನ್ಯಾಯಾಲಯದಲ್ಲಿ ಮನುಷ್ಯನ ಸಾವನ್ನು ನಷ್ಟವೆಂದು ದೂರುವಂತಿಲ್ಲ. ಗಂಡನಿಗೆ ಆದ ಗಾಯಕ್ಕೆ ಮತ್ತು ಹೆಂಡತಿ ಬದುಕಿದ್ದ ಆ ಒಂದು ತಿಂಗಳ ಸಂಕಟಕ್ಕೆ ಮಾತ್ರ ಹಣ. ಅವಳ ಉಸಿರು ನಿಂತ ಗಳಿಗೆಗೆ ಲೆಕ್ಕವೂ ನಿಲ್ಲಬೇಕು. ಜ್ಯೂರಿ 100 ಪೌಂಡು ಕೊಟ್ಟಿತು.

ಇದರ ಅರ್ಥ ಏನೆಂದು ನೋಡಿ. ಗಾಡಿಯವನು ಒಬ್ಬನ ಕಾಲು ಮುರಿದರೆ ದಂಡ ತೆರಬೇಕು. ಅವನು ಸ್ಥಳದಲ್ಲೇ ಸತ್ತರೆ ಹೆಂಡತಿ ಮಕ್ಕಳಿಗೆ ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ. ಗಾಯ ಮಾಡುವುದಕ್ಕಿಂತ ಕೊಲ್ಲುವುದೇ ಅಗ್ಗ.

ಸಾರೋಟಿನ ಕಾಲದಲ್ಲಿ ಇದು ಹೇಗೋ ನಡೆಯಿತು. ರೈಲು ಬಂದ ಮೇಲೆ ನಡೆಯಲಿಲ್ಲ. 1841ರ ಡಿಸೆಂಬರ್ 24ರ ನಸುಕಿನಲ್ಲಿ ಸಾನಿಂಗ್ ಎಂಬಲ್ಲಿ ಗುಡ್ಡ ಕಡಿದು ಹಾಕಿದ ಹಳಿಯ ಮೇಲೆ ಮಣ್ಣು ಕುಸಿದಿತ್ತು. ರೈಲು ಅದಕ್ಕೆ ಬಡಿಯಿತು. ತೆರೆದ ಬಂಡಿಗಳಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು, ಕ್ರಿಸ್‌ಮಸ್‌ಗೆ ಊರಿಗೆ ಹೊರಟವರು. ಒಂಬತ್ತು ಮಂದಿ ಸತ್ತರು. ರಜೆಗೆ ಊರಿಗೆ ಹೊರಟ ಕಟ್ಟಡ ಕೆಲಸಗಾರರು ಎಂದರೆ ಈ ನಾಡಿನಲ್ಲಿರುವ ನಮಗೆ ಯಾರ ಮುಖವೂ ನೆನಪಾಗದೆ ಇರದು.

ಆಗ ಕಾನೂನಿನಲ್ಲಿ ಇದ್ದದ್ದು ‘ಡಿಯೋಡಾಂಡ್’ ಎಂಬ ಪುರಾತನ ಪದ್ಧತಿ. ಸಾವಿಗೆ ಕಾರಣವಾದ ವಸ್ತು, ಅದು ಎತ್ತಾಗಲಿ ಬಂಡಿಯಾಗಲಿ, ದೇವರಿಗೆ ಸಲ್ಲಬೇಕು ಎಂದು ಅದರ ಬೆಲೆಯನ್ನು ಅರಸನ ಲೆಕ್ಕಕ್ಕೆ ವಸೂಲು ಮಾಡುತ್ತಿದ್ದರು. ಸಾನಿಂಗಿನ ಜ್ಯೂರಿ ಆ ಎಂಜಿನ್ ಮತ್ತು ಬಂಡಿಗಳ ಮೇಲೆ 1000 ಪೌಂಡು ಡಿಯೋಡಾಂಡ್ ಹಾಕಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಕಲ್ಲುಕುಟಿಗನ ವಿಧವೆ ‘ಇದು ನನಗೆ ಸಲ್ಲಬೇಕು’ ಎಂದು ಕೈಚಾಚಲು ಅದರಲ್ಲಿ ದಾರಿ ಇರಲಿಲ್ಲ.

1846ರ ಆಗಸ್ಟಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಎರಡು ಕೆಲಸ ಮಾಡಿತು. ಡಿಯೋಡಾಂಡ್ ರದ್ದಾಯಿತು, ಅದೇ ತಿಂಗಳು ಮಾರಕ ಅಪಘಾತಗಳ ಕಾಯ್ದೆ ಬಂತು. ಸತ್ತವನು ಬದುಕಿದ್ದರೆ ದಾವೆ ಹೂಡಬಹುದಾಗಿದ್ದ ಪ್ರಸಂಗದಲ್ಲಿ, ಈಗ ಅವನ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳ ಹಿತಕ್ಕಾಗಿ ದಾವೆ ಹೂಡಬಹುದು ಎಂದಾಯಿತು. ಹಾಗೆ ಹೂಡಲು ಹನ್ನೆರಡು ತಿಂಗಳ ಗಡುವೂ ಬಂತು. ಅದನ್ನು ತಂದವನು ಲಾರ್ಡ್ ಕ್ಯಾಂಪ್‌ಬೆಲ್. ಇಲ್ಲೊಂದು ಸ್ವಾರಸ್ಯವಿದೆ. 1808ರಲ್ಲಿ ಬೇಕರನ ಮೊಕದ್ದಮೆಯನ್ನು ವರದಿ ಮಾಡಿ ಅಚ್ಚು ಹಾಕಿಸಿದ ತರುಣ ವಕೀಲ ಜಾನ್ ಕ್ಯಾಂಪ್‌ಬೆಲ್ ಇವನೇ. ತಾನು ಬರೆದಿಟ್ಟ ತೀರ್ಪಿನ ಅನ್ಯಾಯವನ್ನು 38 ವರ್ಷಗಳ ನಂತರ ತಾನೇ ತಿದ್ದಿದ.

ಭಾರತಕ್ಕೆ ಈ ಕಾನೂನು ಬರಲು ತಡವಾಗಲಿಲ್ಲ. 1853ರ ಏಪ್ರಿಲ್‌ನಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1855ರಲ್ಲಿ 13ನೇ ಕಾಯ್ದೆಯಾಗಿ ನಮ್ಮ ಮಾರಕ ಅಪಘಾತಗಳ ಕಾಯ್ದೆ ಬಂತು. ಇದೇ ಕಾಯ್ದೆ ಒಂದು ಶತಮಾನದ ನಂತರವೂ ದುಡಿಯಿತು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ದಾರಿಹೋಕರು ಸತ್ತಾಗ ಅವರ ಮನೆಯವರು ನಗರಸಭೆಯ ಮೇಲೆ ದಾವೆ ಹೂಡಿದರು. 1966ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಹಳೆಯ ಗೋಪುರ ತಾನಾಗಿ ಬಿದ್ದಿತೆಂದರೆ ನೋಡಿಕೊಳ್ಳಬೇಕಾದವರ ಅಲಕ್ಷ್ಯಕ್ಕೆ ಅದೇ ಸಾಕ್ಷಿ ಎಂದಿತು. ಸರ್ಕಾರವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಪೊಲೀಸರ ವಶದಲ್ಲಿ ಸತ್ತ ಮಗನಿಗಾಗಿ ಒಡಿಶಾದ ತಾಯಿಯೊಬ್ಬರು ಬರೆದ ಕಾಗದವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ತೆಗೆದುಕೊಂಡು 1993ರಲ್ಲಿ 1.5 ಲಕ್ಷ ರೂಪಾಯಿ ಕೊಡಿಸಿತು.

ಹಕ್ಕೇನೋ ಬಂತು. ಆದರೆ ಎಷ್ಟು? ಇಲ್ಲಿ ಕಥೆ ತೊಡಕಾಗುತ್ತದೆ. 1852ರಲ್ಲೇ ಇಂಗ್ಲಿಷ್ ನ್ಯಾಯಾಲಯ ವಿಧವೆಯೊಬ್ಬಳ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತ್ತು: ಹಣದಲ್ಲಿ ಎಣಿಸಬಹುದಾದ ನಷ್ಟಕ್ಕೆ ಮಾತ್ರ ಪರಿಹಾರ, ಕಣ್ಣೀರಿಗೆ ಇಲ್ಲ. ಅಲ್ಲಿಂದ ಸಾವಿನ ಮೊಕದ್ದಮೆ ಸಂಬಳದ ಲೆಕ್ಕವಾಯಿತು.

ನಮ್ಮ ಮೋಟಾರು ಅಪಘಾತ ನ್ಯಾಯಮಂಡಳಿಗಳಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡೋಣ. ಶಿವಮೊಗ್ಗದ ಆಟೋ ಚಾಲಕ, ವಯಸ್ಸು 38, ತಿಂಗಳ ದುಡಿಮೆ 20,000. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಮುಂದೆ ಹೆಚ್ಚಬಹುದಾಗಿದ್ದ ದುಡಿಮೆಗೆಂದು ಶೇಕಡಾ 40 ಸೇರಿಸಿದರೆ 28,000. ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 21,000. ವರ್ಷಕ್ಕೆ 2,52,000. ಸುಪ್ರೀಂ ಕೋರ್ಟು 2009ರಲ್ಲಿ ಒಪ್ಪಿಕೊಂಡ ಕೋಷ್ಟಕದಂತೆ ಆ ವಯಸ್ಸಿನ ಗುಣಕ 15. ಒಟ್ಟು 37,80,000. ಇದಕ್ಕೆ ಅಂತ್ಯಕ್ರಿಯೆಯ ಖರ್ಚು ಮುಂತಾದ ಸಣ್ಣ ಮೊತ್ತಗಳು ಸೇರುತ್ತವೆ.

ಲೆಕ್ಕ ನೇರವಾಗಿದೆ. ಆದರೆ ಸಂಬಳವಿಲ್ಲದ ಗೃಹಿಣಿಗೆ? ಜಮ್‌ಶೆಡ್‌ಪುರದಲ್ಲಿ 1989ರ ಮಾರ್ಚ್ 3ರಂದು ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರೂ ಮಕ್ಕಳೂ ಸತ್ತರು. ಆ ಮೊಕದ್ದಮೆಯಲ್ಲಿ, 2001ರಲ್ಲಿ, ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೆ ತಿಂಗಳಿಗೆ 3000 ರೂಪಾಯಿ ಎಂದು ಬೆಲೆ ಕಟ್ಟಿತು. ಮೊತ್ತ ಚಿಕ್ಕದು ಎನ್ನಿಸಬಹುದು. ಆದರೆ ಮನೆಗೆಲಸ ದುಡಿಮೆಯೇ ಎಂಬ ಮಾತು ತೀರ್ಪಿನಲ್ಲಿ ದಾಖಲಾಯಿತು. 2017ರಲ್ಲಿ ಸಂವಿಧಾನ ಪೀಠ ಗಂಡಹೆಂಡಿರ ಸಾಂಗತ್ಯದ ನಷ್ಟಕ್ಕೆ 40,000 ಎಂದು ನಿಗದಿ ಮಾಡಿತು. ಮರುವರ್ಷ ಇನ್ನೊಂದು ತೀರ್ಪು ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೂ ಮಕ್ಕಳನ್ನು ಕಳೆದುಕೊಂಡ ಹೆತ್ತವರಿಗೂ ಅದನ್ನು ವಿಸ್ತರಿಸಿತು. ‘ನನ್ನ ಹೆಂಡತಿಯ ಜತೆ ತಪ್ಪಿತು’ ಎಂದು 1808ರಲ್ಲಿ ಬೇಕರ್ ಕೇಳಿದ್ದು ಇದನ್ನೇ.

ಈಗ ಬಜ್ಪೆಗೆ ಮರಳೋಣ. ದುರಂತಕ್ಕೆ ಸುಮಾರು ಹನ್ನೊಂದು ತಿಂಗಳ ಹಿಂದೆಯಷ್ಟೇ, 2009ರ ಜೂನ್ 30ರಿಂದ, ಭಾರತಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯವಾಗಿತ್ತು. ಅದರಂತೆ ಅಂತರರಾಷ್ಟ್ರೀಯ ವಿಮಾನದಲ್ಲಿ ಪ್ರಯಾಣಿಕ ಸತ್ತರೆ 1,00,000 ಎಸ್‌ಡಿಆರ್‌ವರೆಗೆ, ಅಂದಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿಯವರೆಗೆ, ‘ನಮ್ಮದೇನೂ ತಪ್ಪಿಲ್ಲ’ ಎಂದು ಕಂಪನಿ ಜಾರಿಕೊಳ್ಳುವಂತಿರಲಿಲ್ಲ.

ಆ ‘ವರೆಗೆ’ ಎಂಬ ಪದದ ಮೇಲೆಯೇ ಜಗಳ ನಿಂತಿತು. ಒಬ್ಬ ಯುವಕನ ಹೆತ್ತವರು ಕೇರಳ ಹೈಕೋರ್ಟಿಗೆ ಹೋದರು. 2011ರಲ್ಲಿ ಏಕಸದಸ್ಯ ಪೀಠ ಹೇಳಿತು: ಅಷ್ಟು ಮೊತ್ತ ಎಲ್ಲ ಕುಟುಂಬಕ್ಕೂ ಕನಿಷ್ಠವಾಗಿ ಸಲ್ಲಬೇಕು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು: ಅದು ಕನಿಷ್ಠ ಮೊತ್ತವಲ್ಲ, ಆದ ನಷ್ಟವನ್ನು ಕುಟುಂಬ ತೋರಿಸಿಕೊಡಬೇಕು. ಅಂದರೆ ಮತ್ತೆ ಸಂಬಳದ ಚೀಟಿ. ಒಂದೇ ಸಾಲಿನ ಸೀಟುಗಳಲ್ಲಿ ಕೂತು ಬಂದವರಲ್ಲಿ ಮ್ಯಾನೇಜರನ ಮನೆಗೆ ಒಂದು ಮೊತ್ತ, ಅಂಗಡಿ ಹುಡುಗನ ಮನೆಗೆ ಇನ್ನೊಂದು.

ಇನ್ನೊಂದು ಕುಟುಂಬದ ಮೊಕದ್ದಮೆ ಗ್ರಾಹಕ ಆಯೋಗದಿಂದ ಸುಪ್ರೀಂ ಕೋರ್ಟಿಗೆ ಹೋಗಿ 2020ರಲ್ಲಿ ಮುಗಿಯಿತು. ಈ ನಾಡಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಅವರು. ಸಂಬಳದ ಭತ್ಯೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂಬ ವಾದ ಎದ್ದಿತ್ತು. ಮಾಲೀಕರು ತಮ್ಮ ಅನುಕೂಲಕ್ಕೆ ಸಂಬಳವನ್ನು ಬೇರೆ ಬೇರೆ ತಲೆಬರಹಗಳಲ್ಲಿ ಹಂಚಿದ ಮಾತ್ರಕ್ಕೆ ಅದು ದುಡಿಮೆಯಲ್ಲದೆ ಹೋಗದು ಎಂದು ಕೋರ್ಟು 7.64 ಕೋಟಿ ರೂಪಾಯಿ ಕೊಡಿಸಿತು. ಹತ್ತು ವರ್ಷ ಹಿಡಿದ ಹಕ್ಕು.

ಇದಕ್ಕೆ ಹೋಲಿಸಿದರೆ ನಾವಿರುವ ಈ ದೇಶದ ‘ದಿಯಾ’ದ ದಾರಿ ಬೇರೆ. ತಪ್ಪಿನಿಂದ ಆದ ಸಾವಿಗೆ ಕಾನೂನು 2,00,000 ದಿರ್ಹಂ ಎಂದು ಗೊತ್ತು ಮಾಡಿದೆ. ಸತ್ತವನ ಸಂಬಳ ಎಷ್ಟು ಎಂದು ಅದು ಕೇಳುವುದಿಲ್ಲ. ಭಾರತದ ಲೆಕ್ಕ ಕುಟುಂಬದ ನಷ್ಟವನ್ನು ಹತ್ತಿರದಿಂದ ಅಳೆಯುತ್ತದೆ, ಆದರೆ ಬಡವನ ಸಾವನ್ನು ಅಗ್ಗ ಮಾಡುತ್ತದೆ. ಇಲ್ಲಿಯ ಲೆಕ್ಕ ಆ ಭೇದ ಮಾಡುವುದಿಲ್ಲ, ಆದರೆ ಐದು ಮಕ್ಕಳ ತಂದೆಗೂ ಒಂಟಿಗನಿಗೂ ಒಂದೇ ಅಳತೆ. ಕೆಲಸದ ವೇಳೆ ಆದ ಸಾವಿಗೆ ಇಲ್ಲಿಯ ಕಾರ್ಮಿಕ ಕಾನೂನು 24 ತಿಂಗಳ ಮೂಲ ವೇತನ ಕೊಡಿಸುತ್ತದೆ. 18,000 ದಿರ್ಹಂಗೆ ಕಡಿಮೆಯಿಲ್ಲ, 2,00,000ಕ್ಕೆ ಮೇಲಿಲ್ಲ. ‘ಮೂಲ ವೇತನ’ ಎಂಬ ಮಾತನ್ನು ಗಮನಿಸಿ. ಕೆಲಸಕ್ಕೆ ಸೇರುವಾಗ ಕಣ್ಣುಹಾಯಿಸದೆ ಸಹಿ ಹಾಕುವ ಒಪ್ಪಂದದ ಆ ಒಂದು ಸಾಲು, ನಾಳೆ ಊರಿನಲ್ಲಿರುವವರ ಪಾಲಿನ ಅನ್ನ.

ಅದಕ್ಕೇ ಸಂಘದವರಲ್ಲಿ ಒಂದು ವಿನಂತಿ. ನಮ್ಮ ಒಪ್ಪಂದದ ಪ್ರತಿ, ಸಂಬಳ ಜಮೆಯಾದ ದಾಖಲೆ, ಊರಿಗೆ ಕಳಿಸಿದ ಹಣದ ರಸೀದಿ, ಇವುಗಳ ನಕಲು ಊರಿನ ಮನೆಯಲ್ಲೂ ಇರಲಿ. ಕ್ಯಾಂಪುಗಳಲ್ಲಿರುವ ನಮ್ಮ ಹುಡುಗರಿಗೆ ಇದನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಯಾರಾದರೂ ಕೂತು ಹೇಳಲಿ. ಮಾಂಟ್ರಿಯಲ್ ಒಪ್ಪಂದದ ಗಡುವು ಎರಡು ವರ್ಷ. ದುಃಖ ಆರುವುದಕ್ಕೆ ಅದು ಸಾಲದು, ಹಕ್ಕು ಆರಿಹೋಗುವುದಕ್ಕೆ ಸಾಕು.

ಕೊನೆಯದಾಗಿ ಆ ನಾಚಿಕೆಯ ಮಾತು. ಪರಿಹಾರ ಕೇಳುವವರು ಸತ್ತವರನ್ನು ಮಾರುತ್ತಿಲ್ಲ. ಈ ಸಾವು ವಿಧಿಯಲ್ಲ, ತಪ್ಪು. ಅದಕ್ಕೆ ಹೊಣೆಗಾರರಿದ್ದಾರೆ ಎಂದು ದಾಖಲೆಯಲ್ಲಿ ಬರೆಸುತ್ತಿದ್ದಾರೆ. ನಮ್ಮ ಹಿರಿಯರು ಅದನ್ನು ಕಲ್ಲಿನ ಮೇಲೆ ಬರೆಸಿದರು. ಬಜ್ಪೆಯ ಕುಟುಂಬಗಳು ತೀರ್ಪಿನ ಪುಟದ ಮೇಲೆ ಬರೆಸಿದವು. ಅಂಥ ಮನೆಗೆ ನಾವು ಹೋದಾಗ ‘ಎಷ್ಟು ಸಿಕ್ಕಿತು?’ ಎಂದು ಕೇಳುವುದು ಬೇಡ. ‘ಕಾಗದಪತ್ರಕ್ಕೆ ನಾವೇನು ನೆರವಾಗಲಿ?’ ಎಂದು ಕೇಳೋಣ.